ಕೊಂಬಿನ ಗೊಬ್ಬರ, ಚಂದ್ರನ ಕ್ಯಾಲೆಂಡರ್, ಆಮೇಲೆ ಒಂದು ಗುಟುಕು ವೈನ್

ಹೋದ ತಿಂಗಳ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಕ್ಯಾಲಿಫೋರ್ನಿಯಾದ ಸೊನೋಮಾ ಕಡೆ ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಹೂಳುವ ದ್ರಾಕ್ಷಿ ತೋಟಗಳಿವೆ, ಪುರುಸೊತ್ತಿದ್ದರೆ ನೋಡಿ ಬನ್ನಿ ಅಂತ. ಅಷ್ಟಕ್ಕೇ ಪತ್ರಗಳು ಬಂದುಬಿಟ್ಟವು. ವೈನ್ ಬಗ್ಗೆ ಕೇಳಿದವರಿಗಿಂತ ಸಗಣಿ ಬಗ್ಗೆ ಕೇಳಿದವರೇ ಜಾಸ್ತಿ. ಆದ್ದರಿಂದ ಈ ಸಲ ಪೂರ್ತಿ ಅದೇ, ಬಯೋಡೈನಮಿಕ್ ಅನ್ನುವ ಬೇಸಾಯ.

ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ವೈನಿಗೆ ಹೆಸರಾದ ನಾಪಾ ನೋಡಿ ಆಯಿತು. ಆಫೀಸಿನಲ್ಲಿ ಒಬ್ಬರು ಬಯೋಡೈನಮಿಕ್ ವೈನರಿಗೆ ಹೋಗಿ ಅಂದರು. ಆರ್ಗ್ಯಾನಿಕ್‌ಗೂ ಇದಕ್ಕೂ ಏನು ವ್ಯತ್ಯಾಸ? ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ? ಹೋಗುವುದಾದರೆ ಎಲ್ಲಿಗೆ?
*ಓದುಗರು, ಸನ್ನಿವೇಲ್*

ಹೋಗಿ. ಆದರೆ ವೈನ್ ಕುಡಿಯೋಕೆ ಅಂತ ಹೋಗಬೇಡಿ, ತೋಟ ನೋಡೋಕೆ ಅಂತ ಹೋಗಿ. ಹಾಗೆ ಹೋದರೆ ಕೊಟ್ಟ ದುಡ್ಡಿಗೆ ಬೇಜಾರಾಗುವುದಿಲ್ಲ.

ವ್ಯತ್ಯಾಸ ಇಷ್ಟು. ಆರ್ಗ್ಯಾನಿಕ್ ಅಂದರೆ ಬಹುಪಾಲು 'ಬೇಡ'ಗಳ ಪಟ್ಟಿ. ರಾಸಾಯನಿಕ ಗೊಬ್ಬರ ಬೇಡ, ಕಳೆನಾಶಕ ಬೇಡ, ಕೃತಕ ಕೀಟನಾಶಕ ಬೇಡ. ಬಯೋಡೈನಮಿಕ್ ತೋಟ ಅಷ್ಟನ್ನೂ ಪಾಲಿಸಬೇಕು, ಅದರ ಮೇಲೆ 'ಮಾಡಲೇಬೇಕು' ಅನ್ನುವ ಇನ್ನೊಂದು ಪಟ್ಟಿ ಇದೆ. ತೋಟಕ್ಕೆ ಬೇಕಾದ ಗೊಬ್ಬರ ಆದಷ್ಟೂ ತೋಟದಲ್ಲೇ ಹುಟ್ಟಬೇಕು, ಸಾಧ್ಯವಾದಲ್ಲಿ ದನ ಕುರಿ ಇರಬೇಕು, ಜಮೀನಿನ ಹತ್ತರಲ್ಲಿ ಒಂದು ಭಾಗ ಗಿಡಮರ, ಹೂವು, ಹುಳು, ಹಕ್ಕಿಗೆ ಬಿಡಬೇಕು, ಜೊತೆಗೆ 500ರಿಂದ 508ರವರೆಗೆ ನಂಬರ್ ಹಾಕಿದ ಒಂಬತ್ತು ವಿಚಿತ್ರ ತಯಾರಿಕೆಗಳನ್ನು ಬಳಸಬೇಕು. ಇದಕ್ಕೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಹೆಸರು ಡಿಮೀಟರ್. ಆ ಗುರುತು ಯುರೋಪಿನಲ್ಲಿ 1928ರಿಂದ ಇದೆ.

ಶುರು ಮಾಡಿದವರು ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್. ಬೆಂಗಳೂರಿನಲ್ಲೂ ಅವರ ಪದ್ಧತಿಯ ಶಾಲೆಗಳಿವೆ, ಹೆಸರು ಕೇಳಿರುತ್ತೀರಿ. 1924ರ ಜೂನ್‌ನಲ್ಲಿ ಕೊಬರ್‌ವಿಟ್ಸ್ ಅನ್ನುವ ಊರಿನಲ್ಲಿ (ಆಗ ಜರ್ಮನಿ, ಈಗ ಪೋಲೆಂಡ್) ರೈತರಿಗೆ ಎಂಟು ಉಪನ್ಯಾಸ ಕೊಟ್ಟರು. ಮುಂದಿನ ವರ್ಷ ತೀರಿಕೊಂಡರು. ಅವರೇನು ರೈತರಲ್ಲ, ದ್ರಾಕ್ಷಿ ಬೆಳೆದವರೂ ಅಲ್ಲ. ಅಷ್ಟೇ ಅಲ್ಲ, ಮದ್ಯ ಮನುಷ್ಯನ ಆಧ್ಯಾತ್ಮಿಕ ಬೆಳವಣಿಗೆಗೆ ಅಡ್ಡಿ ಅಂತ ಹೇಳುತ್ತಿದ್ದವರು. ಅವರ ಪದ್ಧತಿಯನ್ನು ಇವತ್ತು ಜಗತ್ತಿಗೆಲ್ಲ ಪರಿಚಯ ಮಾಡಿಸುತ್ತಿರುವವರು ವೈನ್ ಮಾಡುವವರು. ಈ ತಮಾಷೆಯನ್ನು ಟೂರ್ ಗೈಡ್‌ಗಳು ಯಾಕೋ ಹೇಳುವುದೇ ಇಲ್ಲ.

ಎಲ್ಲಿಗೆ ಹೋಗಬೇಕು ಅಂತಾನೂ ಕೇಳಿದ್ದೀರಿ. ಮೊದಲ ಸಲಕ್ಕೆ, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ, ಗ್ಲೆನ್ ಎಲೆನ್ ಊರಿನ ಬೆಂಜಿಗರ್ ವೈನರಿ. ಟ್ರಾಫಿಕ್ ಸಿಗದಿದ್ದರೆ ನಿಮ್ಮಲ್ಲಿಂದ ಎರಡು ಗಂಟೆ ಹತ್ತಿರ. ಅಲ್ಲಿ ಟ್ರ್ಯಾಕ್ಟರ್ ಎಳೆಯುವ ಟ್ರಾಮ್‌ನಲ್ಲಿ ಕೂರಿಸಿ ತೋಟ ಸುತ್ತಿಸುವ ಟೂರ್ ಹೆಸರುವಾಸಿ, ಬೆಟ್ಟದ ಇಳಿಜಾರಿನಲ್ಲಿ ನಡೆಯುವ ಕಷ್ಟ ಇಲ್ಲ. ನ್ಯೂಯಾರ್ಕ್ ಕಡೆಯಿಂದ ಬಂದ ಕುಟುಂಬ 1980ರಲ್ಲಿ ಸೊನೋಮಾ ಬೆಟ್ಟದ ಮೇಲೆ ಈ ಜಮೀನು ಹಿಡಿಯಿತು. ಮೊದಲು ಎಲ್ಲರಂತೆ ಔಷಧಿ ಹೊಡೆದೇ ಬೆಳೆದರು. ಆಮೇಲೆ ಮನಸ್ಸು ಬದಲಾಗಿ, 2000ದಲ್ಲಿ ಡಿಮೀಟರ್ ಸರ್ಟಿಫಿಕೇಟ್ ಪಡೆದರು. 2015ರಲ್ಲಿ ವೈನರಿಯನ್ನು ದಿ ವೈನ್ ಗ್ರೂಪ್ ಅನ್ನುವ ದೊಡ್ಡ ಕಂಪನಿಗೆ ಮಾರಿದರು. ಹಾಗಾಗಿ ಬುಕ್ ಮಾಡುವ ಮೊದಲು ಯಾವ ಟೂರ್ ಇದೆ, ಎಷ್ಟು ಹೊತ್ತಿನದು, ಟ್ರಾಮ್ ಓಡುತ್ತಿದೆಯಾ ಅಂತ ಫೋನ್ ಮಾಡಿ ಕೇಳಿ. ಇನ್ನೊಂದು ವಿಷಯ. ಒಂದೇ ಹೆಸರಿನಲ್ಲಿ ಬರುವ ಎಲ್ಲ ಬಾಟಲಿಗಳೂ ಬಯೋಡೈನಮಿಕ್ ಅಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಕಡಿಮೆ ಬೆಲೆಯವು ಬೇರೆ ಬೆಳೆಗಾರರ ಹಣ್ಣಿನಿಂದ ಮಾಡಿದವು. ಬಾಟಲಿ ಮೇಲೆ ಡಿಮೀಟರ್ ಗುರುತು ಇದೆಯಾ ನೋಡಿಯೇ ತೆಗೆದುಕೊಳ್ಳಿ.

ಅಪ್ಪ ಅಮ್ಮನಿಗೆ ವೈನರಿ ಬೇಜಾರಾದರೆ ಅದೇ ರಸ್ತೆಯಲ್ಲಿ ಸ್ವಲ್ಪ ಮೇಲೆ ಜಾಕ್ ಲಂಡನ್ ಪಾರ್ಕ್ ಇದೆ. ಕಾದಂಬರಿಕಾರ ಜಾಕ್ ಲಂಡನ್ ಕೊನೆಯ ವರ್ಷಗಳಲ್ಲಿ ಬೇಸಾಯದ ಹುಚ್ಚು ಹತ್ತಿಸಿಕೊಂಡು, ಇಳಿಜಾರಿಗೆ ಮೆಟ್ಟಿಲು ಕಟ್ಟಿ, ಹಂದಿಗಳಿಗೆ ದುಂಡನೆಯ ಕಲ್ಲಿನ ಅರಮನೆ ಕಟ್ಟಿಸಿ ಬದುಕಿದ ಜಾಗ ಅದು. ನನ್ನ ಕೇಳಿದರೆ ಎರಡನ್ನೂ ಒಂದೇ ದಿನ ನೋಡಿ. ಬೆಳಿಗ್ಗೆ ಪಾರ್ಕ್, ಊಟ, ಆಮೇಲೆ ವೈನರಿ.

ಕೊಂಬಿನಲ್ಲಿ ಸಗಣಿ ಅಂದರೆ ಇದು ನಮ್ಮ ಜೀವಾಮೃತವೇ ಅಲ್ವಾ? ಅಮೆರಿಕದವರು ನಮ್ಮದನ್ನೇ ಕದ್ದು ನಮಗೇ ಮಾರುತ್ತಿದ್ದಾರೆ ಅನ್ನಿಸುತ್ತೆ.
*ಓದುಗರು, ಸಾಗರ*

ಕದ್ದಿಲ್ಲ ಸ್ವಾಮಿ. ದನ ಒಂದೇ, ದಾರಿ ಬೇರೆ.

ಜೀವಾಮೃತ ನಿಮಗೆ ಗೊತ್ತಿದ್ದದ್ದೇ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನದಲ್ಲಿ ಹುಳಿ ಬರುತ್ತೆ, ಎಕರೆಗೆ ಹಾಕುತ್ತೀರಿ. ಬೆಲ್ಲ ತಿಂದು ಸೂಕ್ಷ್ಮಜೀವಿಗಳು ದುಪ್ಪಟ್ಟು ಮುಪ್ಪಟ್ಟಾಗುತ್ತವೆ ಅನ್ನುವುದು ಅದರ ಲೆಕ್ಕ. ಒಪ್ಪಲಿ ಬಿಡಲಿ, ಲೆಕ್ಕವಾದರೂ ಅರ್ಥವಾಗುತ್ತೆ.

500 ನಂಬರಿನದು ಹಾಗಲ್ಲ. ಕರು ಹಾಕಿದ ಹಸುವಿನ ಕೊಂಬು ತೆಗೆದುಕೊಂಡು, ಒಳಗೆ ಹಸಿ ಸಗಣಿಯನ್ನು ಗಟ್ಟಿಯಾಗಿ ತುಂಬಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಗುಂಡಿಯಲ್ಲಿ ಸಾಲಾಗಿ ಜೋಡಿಸಿ ಮುಚ್ಚುತ್ತಾರೆ. ಚಳಿಗಾಲ ಪೂರ್ತಿ ಅಲ್ಲೇ. ಮಾರ್ಚ್ ಸುಮಾರಿಗೆ ಅಗೆದು ತೆಗೆಯುತ್ತಾರೆ. ಒಂದು ತೋಟದಲ್ಲಿ ಅದನ್ನು ಹೊರಗೆ ತೆಗೆಯುವಾಗ ನಾನೂ ಪಕ್ಕದಲ್ಲಿ ನಿಂತಿದ್ದೆ. ಕೊಂಬನ್ನು ಕಲ್ಲಿಗೆ ಮೆಲ್ಲಗೆ ಬಡಿದರೆ ಒಳಗಿಂದ ಕಪ್ಪನೆಯ ಉಂಡೆ ಅಖಂಡವಾಗಿ ಜಾರಿ ಬರುತ್ತೆ, ಕೊಂಬಿನ ಒಳಮೈಯ ತಿರುವು ಅದರ ಮೇಲೆ ಅಚ್ಚಾಗಿರುತ್ತೆ. ಸರಿಯಾಗಿ ಕಳಿತಿದ್ದರೆ ಸಗಣಿ ವಾಸನೆ ಒಂದು ಚೂರೂ ಇರುವುದಿಲ್ಲ. ಬೆರಳಲ್ಲಿ ಹಿಚುಕಿದರೆ ಜೇಡಿಮಣ್ಣಿನ ಹಾಗೆ ಮೆತ್ತಗೆ, ಮೂಗಿಗೆ ಹಿಡಿದರೆ ಕಾಡಿನ ಎಲೆಗೊಬ್ಬರದ ವಾಸನೆ. ಕೆಲವು ಕೊಂಬು ಸರಿಯಾಗಿ ಆಗಿರಲಿಲ್ಲ, ತುದಿಯಲ್ಲಿ ಇನ್ನೂ ಹಸಿರು ಹಸಿರಾಗಿ ಉಳಿದಿತ್ತು. ಅವನ್ನು ಪಕ್ಕಕ್ಕಿಟ್ಟರು.

ಆಮೇಲಿನದು ಇನ್ನೂ ಸ್ವಾರಸ್ಯ. ಎಕರೆಗೆ ಹತ್ತಾರು ಗ್ರಾಂ ಅಷ್ಟೇ. ಅದನ್ನು ನೀರಿಗೆ ಹಾಕಿ ಒಂದು ಗಂಟೆ ತಿರುವಬೇಕು. ಒಂದು ಕಡೆಗೆ ಜೋರಾಗಿ ತಿರುವಿ, ಮಧ್ಯದಲ್ಲಿ ಆಳವಾದ ಸುಳಿ ಬಿದ್ದ ಮೇಲೆ ತಟ್ಟನೆ ಉಲ್ಟಾ ತಿರುಗಿಸಬೇಕು, ನೀರು ಕಲಕಿ ನೊರೆ ಎದ್ದು ಮತ್ತೆ ಸುಳಿ ಬೀಳಬೇಕು, ಮತ್ತೆ ಉಲ್ಟಾ. ಹೀಗೇ ಒಂದು ಗಂಟೆ. ಟೂರ್‌ಗೆ ಬಂದವರಿಗೂ ಕೋಲು ಕೊಡುತ್ತಾರೆ. ಐದು ನಿಮಿಷಕ್ಕೆ ಭುಜ ನೋಯುತ್ತೆ. ಸಂಜೆ ಹೊತ್ತು ಅದನ್ನು ನೆಲಕ್ಕೆ ಚಿಮುಕಿಸುತ್ತಾರೆ. 501 ಇದಕ್ಕೆ ತದ್ವಿರುದ್ಧ. ಬಿಳಿಕಲ್ಲಿನ ನುಣುಪಾದ ಪುಡಿಯನ್ನು ಕೊಂಬಿಗೆ ತುಂಬಿ ಬೇಸಿಗೆಯಿಡೀ ಹೂಳುವುದು, ಬೆಳಗಿನ ಜಾವ ಎಲೆಗಳ ಮೇಲೆ ಸಿಂಪಡಿಸುವುದು. ಉಳಿದವುಗಳಲ್ಲಿ ಜಿಂಕೆ ಮೂತ್ರಕೋಶದಲ್ಲಿ ತುಂಬಿದ 'ಯಾರೋ' (yarrow) ಅನ್ನುವ ಗಿಡದ ಹೂವು, ದನದ ಕರುಳಿನಲ್ಲಿ ಕ್ಯಾಮೊಮೈಲ್, ಸಾಕುಪ್ರಾಣಿಯ ತಲೆಬುರುಡೆಯಲ್ಲಿ ಓಕ್ ಮರದ ತೊಗಟೆ. ಸನ್ನಿವೇಲ್‌ನವರೇ, ಅಮ್ಮನವರ ಮುಂದೆ ಗೈಡ್ ಈ ಪಟ್ಟಿ ಓದುವಾಗ ಅನುವಾದ ಮಾಡುವುದು ಬಿಡುವುದು ನಿಮ್ಮಿಷ್ಟ.

ಹತ್ತಾರು ಗ್ರಾಂ ಎಕರೆಗೆ ಯಾವ ಗೊಬ್ಬರವೂ ಆಗಲ್ಲ ಅನ್ನುವುದು ನಿಮಗೇ ಗೊತ್ತು. ಅವರೂ ಗೊಬ್ಬರ ಅನ್ನುವುದಿಲ್ಲ, ಶಕ್ತಿ ಅನ್ನುತ್ತಾರೆ. ಅಲ್ಲಿಗೆ ಪರೀಕ್ಷೆಯ ಮಾತು ಮುಗಿಯುತ್ತೆ. ಆದರೂ ಪರೀಕ್ಷೆ ಮಾಡಿದವರಿದ್ದಾರೆ. ಕ್ಯಾಲಿಫೋರ್ನಿಯಾದ ಯುಕಾಯಾ ಹತ್ತಿರ ಒಂದು ಮರ್ಲೋ ದ್ರಾಕ್ಷಿ ತೋಟದಲ್ಲಿ ಎಲ್ಲವನ್ನೂ ಒಂದೇ ರೀತಿ ಮಾಡಿ, ಅರ್ಧಕ್ಕೆ ಮಾತ್ರ ಈ ತಯಾರಿಕೆಗಳನ್ನು ಕೊಟ್ಟು ವರ್ಷಗಟ್ಟಲೆ ನೋಡಿದರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಣ್ಣಿನ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಣ್ಣಿನಲ್ಲಿ ಒಂದು ವರ್ಷ ಸ್ವಲ್ಪ ವ್ಯತ್ಯಾಸ ಕಂಡಿತು, ಅಷ್ಟೆ.

ಹಾಗಾದರೆ ಆ ತೋಟಗಳು ಅಷ್ಟು ಚೆನ್ನಾಗಿ ಯಾಕಿವೆ? ಕಾಂಪೋಸ್ಟು, ಸಾಲುಗಳ ಮಧ್ಯೆ ಬೆಳೆಯುವ ಹುರುಳಿ ಜಾತಿಯ ಗಿಡಗಳು, ಚಳಿಗಾಲದಲ್ಲಿ ಕಳೆ ಮೇಯುವ ಕುರಿಗಳು, ಇಲಿ ಹಿಡಿಯೋಕೆ ಗೂಬೆಗೆ ಕಟ್ಟಿದ ಪೆಟ್ಟಿಗೆಗಳು. ಎಲ್ಲಕ್ಕಿಂತ ಹೆಚ್ಚಾಗಿ, ದಿನಾ ತೋಟದಲ್ಲೇ ಇರುವ ಮಾಲೀಕ. ಕ್ಯಾಲೆಂಡರ್ ನೋಡಿ ಗಂಟೆಗಟ್ಟಲೆ ನೀರು ತಿರುವುವಷ್ಟು ತಾಳ್ಮೆ ಇರುವವನು ಎಲೆ ಹಿಂದಿನ ಬೂದಿರೋಗವನ್ನೂ ಎಲ್ಲರಿಗಿಂತ ಮೊದಲು ನೋಡಿರುತ್ತಾನೆ. ನನ್ನ ಅಭಿಪ್ರಾಯ ಇದು. ಕೊಂಬನ್ನು ನಂಬುವವರು ಒಪ್ಪದೇ ಇರಬಹುದು.

ಚಂದ್ರನ ಸ್ಥಾನ ನೋಡಿ ವೈನ್ ಕುಡಿಯುತ್ತಾರಂತೆ, ನಿಜವೇ? ನಮ್ಮ ಪಂಚಾಂಗಕ್ಕೂ ಅದಕ್ಕೂ ಸಂಬಂಧ ಇದೆಯಾ?
*ಓದುಗರು, ಉಡುಪಿ*

ನಿಜ. ಮರಿಯಾ ಥುನ್ ಅನ್ನುವ ಜರ್ಮನ್ ಮಹಿಳೆ 1960ರ ದಶಕದಿಂದ ಈ ಕ್ಯಾಲೆಂಡರ್ ತರುತ್ತಿದ್ದರು. 2012ರಲ್ಲಿ ತೀರಿಕೊಂಡರು, ಕ್ಯಾಲೆಂಡರ್ ಈಗಲೂ ಬರುತ್ತೆ. ನಿಮಗೆ ಸುಲಭವಾಗಿ ಅರ್ಥವಾಗುತ್ತೆ. ಚಂದ್ರ ಅಗ್ನಿ ರಾಶಿಗಳಲ್ಲಿ, ಅಂದರೆ ಮೇಷ, ಸಿಂಹ, ಧನುವಿನಲ್ಲಿ ಇದ್ದರೆ ಹಣ್ಣಿನ ದಿನ. ವೃಷಭ, ಕನ್ಯಾ, ಮಕರದಲ್ಲಿ ಬೇರಿನ ದಿನ. ಮಿಥುನ, ತುಲಾ, ಕುಂಭದಲ್ಲಿ ಹೂವಿನ ದಿನ. ಕರ್ಕಾಟಕ, ವೃಶ್ಚಿಕ, ಮೀನದಲ್ಲಿ ಎಲೆಯ ದಿನ. ಚಂದ್ರ ಇಪ್ಪತ್ತೇಳು ದಿನ ಚಿಲ್ಲರೆಯಲ್ಲಿ ಒಂದು ಸುತ್ತು ಮುಗಿಸುತ್ತಾನೆ, ಒಂದೊಂದು ಗುಂಪು ಮೂರು ಮೂರು ಸಲ ಬರುತ್ತೆ.

ನಮ್ಮದರ ಹಾಗೆಯೇ ಇದೂ ಆಕಾಶದಲ್ಲಿ ಕಾಣುವ ನಕ್ಷತ್ರಗಳನ್ನು ಹಿಡಿದು ಲೆಕ್ಕ ಹಾಕುತ್ತೆ, ನಕ್ಷತ್ರ ಬಿಟ್ಟು ಋತುಗಳನ್ನು ಹಿಡಿಯುವ ಪಾಶ್ಚಾತ್ಯ ಜ್ಯೋತಿಷ್ಯದ ಸಾಯನ ಲೆಕ್ಕ ಅಲ್ಲ. ಆದರೆ ನಮ್ಮಲ್ಲಿ ಪ್ರತಿ ರಾಶಿಗೂ ಸಮನಾಗಿ ಮೂವತ್ತು ಡಿಗ್ರಿ. ಥುನ್ ಲೆಕ್ಕದಲ್ಲಿ ನಕ್ಷತ್ರಪುಂಜ ನಿಜವಾಗಿ ಎಷ್ಟು ಅಗಲ ಇದೆಯೋ ಅಷ್ಟು. ಕನ್ಯಾ ಉದ್ದ, ಕರ್ಕಾಟಕ ಚಿಕ್ಕದು. ಹಾಗಾಗಿ ಮನೆಯ ಪಂಚಾಂಗ ಹಿಡಿದು ಹೋದರೆ ಗಂಟೆಗಳು ತಾಳೆಯಾಗಲ್ಲ. ಹೋಲಿಕೆ ಇದೆ ಅಂದ ಮಾತ್ರಕ್ಕೆ ಇದು ಇಲ್ಲಿಂದಲೇ ಹೋಯಿತು ಅನ್ನೋದಕ್ಕೂ ಆಗಲ್ಲ.

ಕತ್ತರಿಸುವುದು, ಕೊಯ್ಯುವುದು, ಬಾಟಲಿ ತುಂಬುವುದನ್ನು ಆಯಾ ದಿನ ನೋಡಿ ಮಾಡುತ್ತಾರೆ. ಕುಡಿಯುವುದಕ್ಕೂ ಹಣ್ಣಿನ ದಿನ ಒಳ್ಳೆಯದು, ಬೇರಿನ ದಿನ ವೈನ್ ಮಂಕಾಗಿರುತ್ತೆ ಅನ್ನುವುದು ನಂಬಿಕೆ. ಬ್ರಿಟನ್ನಿನ ಟೆಸ್ಕೋ, ಮಾರ್ಕ್ಸ್ ಆಂಡ್ ಸ್ಪೆನ್ಸರ್ ಅಂಥ ದೊಡ್ಡ ಅಂಗಡಿಗಳವರು ಪತ್ರಕರ್ತರಿಗೆ ವೈನ್ ಕೊಡುವಾಗ ಈ ಕ್ಯಾಲೆಂಡರ್ ನೋಡುತ್ತಾರೆ ಅಂತ 2009ರಲ್ಲಿ ಸುದ್ದಿಯೂ ಆಗಿತ್ತು. ಇದನ್ನೂ ಪರೀಕ್ಷೆ ಮಾಡಿದ್ದಾರೆ. ನ್ಯೂಜಿಲೆಂಡಿನಲ್ಲಿ 19 ಮಂದಿ ಕಸುಬಿನವರಿಗೆ ಅಲ್ಲಿಯದೇ 12 ಪಿನೋ ನೋಆರ್ ವೈನ್‌ಗಳನ್ನು, ಯಾವುದು ಯಾವುದೆಂದು ಹೇಳದೆ, ಹಣ್ಣಿನ ದಿನವೂ ಬೇರಿನ ದಿನವೂ ಕುಡಿಸಿದರು. ದಿನಕ್ಕೂ ರುಚಿಗೂ ಯಾವ ಸಂಬಂಧವೂ ಸಿಗಲಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನ. ನಿಮಗೆ ಶನಿವಾರ ರಜೆ ಇದ್ದರೆ ಶನಿವಾರವೇ ಹೋಗಿ, ಚಂದ್ರ ಎಲ್ಲಾದರೂ ಇರಲಿ.

ನಾನು ಶುದ್ಧ ಸಸ್ಯಾಹಾರಿ, ಅಪರೂಪಕ್ಕೆ ವೈನ್ ಕುಡಿಯುತ್ತೇನೆ. ವೈನ್ ಅಂದರೆ ದ್ರಾಕ್ಷಿ ರಸ, ಅದರಲ್ಲಿ ಪ್ರಾಣಿಯ ಪ್ರಶ್ನೆ ಎಲ್ಲಿಂದ ಬರುತ್ತೆ ಅಂತ ಇದ್ದೆ. ಈಗ ಅನುಮಾನ.
*ಓದುಗರು, ಫ್ರೀಮಾಂಟ್*

ಅನುಮಾನ ಸರಿಯಾಗಿಯೇ ಇದೆ. ಎರಡು ಕಡೆ ಬರುತ್ತೆ.

ಒಂದು ತೋಟದಲ್ಲಿ. ಕೊಂಬು, ಕರುಳು, ಬುರುಡೆ ಎಲ್ಲ ಸತ್ತ ಪ್ರಾಣಿಯದೇ. ವೈನ್ ಒಳಗೆ ಅದೇನೂ ಬರುವುದಿಲ್ಲ, ಆದರೆ ಪ್ರಾಣಿಯಿಂದ ಬಂದ ಯಾವುದನ್ನೂ ಬಳಸದ ವೀಗನ್ ಆದವರು ಇದೇ ಕಾರಣಕ್ಕೆ ಬಯೋಡೈನಮಿಕ್ ಬೇಡ ಅನ್ನುತ್ತಾರೆ.

ಇನ್ನೊಂದು ನೆಲಮಾಳಿಗೆಯಲ್ಲಿ, ಮತ್ತೆ ಇದು ಎಲ್ಲ ಬಗೆಯ ವೈನಿಗೂ ಅನ್ವಯ. ಹೊಸ ವೈನಿನ ಮಬ್ಬು ಇಳಿಸೋಕೆ, ಒಗರು ಕಡಿಮೆ ಮಾಡೋಕೆ ಏನಾದರೂ ಹಾಕಿ ಅದರ ಜೊತೆ ಕಸವನ್ನು ತಳಕ್ಕೆ ಕೂರಿಸುತ್ತಾರೆ. ಇದಕ್ಕೆ ಫೈನಿಂಗ್ ಅನ್ನುತ್ತಾರೆ. ಕೆಂಪು ವೈನಿಗೆ ಮೊಟ್ಟೆಯ ಬಿಳಿ ಹಳೇ ಪದ್ಧತಿ. ಬಿಳಿ ವೈನಿಗೆ ಮೀನಿನ ಗಾಳಿಚೀಲದಿಂದ ಮಾಡಿದ ಪುಡಿ, ಹಾಲಿನ ಕೇಸಿನ್, ಕೆಲವು ಕಡೆ ಜೆಲಟಿನ್. ಬೆಂಟೊನೈಟ್ ಅನ್ನುವ ಜೇಡಿಮಣ್ಣು ಹಾಕಿದರೆ ನಿಮಗೆ ತೊಂದರೆ ಇಲ್ಲ. ಏನೂ ಹಾಕದೆ ತಾನಾಗೇ ತಿಳಿಯಾಗೋಕೆ ಬಿಡುವವರೂ ಇದ್ದಾರೆ. ಅಮೆರಿಕದಲ್ಲಿ ಇದನ್ನು ಬಾಟಲಿ ಮೇಲೆ ಬರೆಯುವುದು ಕಡ್ಡಾಯ ಅಲ್ಲ. ಆದ್ದರಿಂದಲೇ ವೈನರಿಗೆ ಹೋದಾಗ ಸುಮ್ನೆ ಕೇಳಿಬಿಡಿ. "ಇದಕ್ಕೆ ಫೈನಿಂಗ್ ಏನು ಮಾಡಿದ್ದೀರಿ?" ಸುರಿಯುವವರಿಗೆ ಗೊತ್ತಿರದಿದ್ದರೆ ಒಳಗೆ ಹೋಗಿ ಕೇಳಿ ಬರುತ್ತಾರೆ. ಅದರ ಬಗ್ಗೆ ಸಂಕೋಚ ಬೇಡ, ದಿನಾ ಯಾರಾದರೂ ಕೇಳುವ ಪ್ರಶ್ನೆಯೇ ಅದು.

ಟೇಸ್ಟಿಂಗ್ ಅಂದರೆ ನಿಜವಾಗಿ ಏನು ಮಾಡುತ್ತಾರೆ? ಉಗುಳಬೇಕಂತೆ. ನಮ್ಮ ಮನೆಯವರು ಕುಡಿಯಲ್ಲ, ಮಕ್ಕಳಿದ್ದಾರೆ. ಪೆದ್ದುಪೆದ್ದಾಗಿ ಕಾಣುತ್ತೇವಾ?
*ಓದುಗರು, ಸ್ಯಾಕ್ರಮೆಂಟೊ*

ಇಲ್ಲ. ನಾಲ್ಕೈದು ವೈನ್, ಒಂದೊಂದರಲ್ಲಿ ಸಣ್ಣ ಗುಟುಕು, ಮೊದಲು ಬಿಳಿ ಆಮೇಲೆ ಕೆಂಪು. ಗ್ಲಾಸ್ ತಿರುಗಿಸಿ, ಮೂಗು ಒಳಗಿಟ್ಟು ವಾಸನೆ ನೋಡಿ, ಬಾಯಲ್ಲಿ ಒಂದು ಕ್ಷಣ ಆಡಿಸಿ. ಉಗುಳುವ ಪಾತ್ರೆ ಮೇಜಿನ ಮೇಲೇ ಇರುತ್ತೆ, ಮಿಕ್ಕಿದ್ದನ್ನು ಅದಕ್ಕೇ ಸುರಿಯಬಹುದು. ಉಗುಳಿದರೆ ಅವಮಾನ ಅಲ್ಲ, ತಿಳಿದವರು ಅಂತ ಲೆಕ್ಕ. ಚೆರ್ರಿ, ತಂಬಾಕು, ಒದ್ದೆ ಕಲ್ಲು ಅಂತ ಅವರು ಹೇಳುವ ವಾಸನೆಗಳೆಲ್ಲ ನಿಮಗೆ ಸಿಗದಿದ್ದರೆ ಹೌದು ಹೌದು ಅನ್ನಬೇಕಾಗಿಲ್ಲ. ನನಗೆ ಒಂದು ಕೆಂಪು ವೈನಿನಲ್ಲಿ ಕೋಕಂ ನೆನಪಾಗಿತ್ತು, ಹಾಗೇ ಹೇಳಿದೆ, ಅದೇನು ಅಂತ ಕೇಳಿ ಬರೆದುಕೊಂಡರು.

ಕುಡಿಯದವರು ಟೂರ್‌ಗೆ ಬಂದು ಟೇಸ್ಟಿಂಗ್ ಬಿಡಬಹುದು. ಶುಲ್ಕ ಕಡಿಮೆ ಮಾಡುತ್ತಾರಾ ಅಂತ ಬುಕ್ ಮಾಡುವಾಗಲೇ ಕೇಳಿ, ಬಾಗಿಲಲ್ಲಿ ಚೌಕಾಸಿ ನಡೆಯಲ್ಲ. ಬಾಟಲಿ ಕೊಂಡರೆ ಶುಲ್ಕ ಬಿಟ್ಟುಬಿಡುವ ಕಡೆಗಳೂ ಇವೆ. ಮಕ್ಕಳನ್ನು ಒಳಗೆ ಬಿಡುವುದು ಒಂದೊಂದು ವೈನರಿಯಲ್ಲಿ ಒಂದೊಂದು ಥರ. ಕುಡಿಯುವವರಿಗೆ 21 ತುಂಬಿರಬೇಕು. ಊರಿನಿಂದ ಬಂದವರು ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ತಲೆ ಬೆಳ್ಳಗಾಗಿದ್ದರೂ ಕೇಳುವವರು ಕೇಳುತ್ತಾರೆ. ಸೆಂಟ್ ಹಾಕಿಕೊಂಡು ಹೋಗಬೇಡಿ, ಪಕ್ಕದವರಿಗೆ ವೈನಿನ ವಾಸನೆ ಹತ್ತಲ್ಲ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ಹೋಗುವ ಮುಂಚೆ ಚಪಾತಿ ಪಲ್ಯ ತಿಂದುಕೊಳ್ಳಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕಾರು ಓಡಿಸುವವರು ಕುಡಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿ 0.08 ಪರ್ಸೆಂಟ್ ಮಿತಿ, ನಾಲ್ಕು 'ಸಣ್ಣ ಗುಟುಕು' ಸೇರಿದರೆ ಸುಮಾರು ಒಂದು ಪೂರ್ತಿ ಗ್ಲಾಸ್ ಆಗುತ್ತೆ, ಎರಡನೇ ವೈನರಿಗೂ ಹೋದರೆ ಲೆಕ್ಕ ತಪ್ಪುತ್ತೆ. ದಂಡ, ಲೈಸೆನ್ಸ್ ಒಂದು ಕಡೆ ಇರಲಿ. ವೀಸಾ ಮೇಲೆ ಇರುವವರು ಕುಡಿದು ಓಡಿಸಿ ಅರೆಸ್ಟ್ ಆದರೆ, ಕೋರ್ಟಿನಲ್ಲಿ ಇನ್ನೂ ಏನೂ ತೀರ್ಮಾನವಾಗದಿದ್ದರೂ ವೀಸಾ ರದ್ದಾಗಬಹುದು. 2015ರಿಂದ ಈ ನಿಯಮ ಇದೆ. ಎಚ್-1ಬಿ ಮೇಲಿರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ತೆರೆದ ಬಾಟಲಿಯನ್ನು ಸೀಟಿನ ಪಕ್ಕ ಇಡುವಂತಿಲ್ಲ, ಡಿಕ್ಕಿಯಲ್ಲಿ ಇಡಿ.

ಬಯೋಡೈನಮಿಕ್ ವೈನ್ ಕುಡಿದರೆ ತಲೆನೋವು ಬರಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ಸಲ್ಫೈಟ್ ಇರಲ್ಲವಂತೆ. ರುಚಿಯೂ ಮೇಲಂತೆ.
*ಓದುಗರು, ಬೆಂಗಳೂರು*

ಸಲ್ಫೈಟ್ ಅಂದರೆ ವೈನ್ ಕೆಡದಂತೆ ಕಾಯುವ ಗಂಧಕದ ಲವಣ. ಅದು ಇರುತ್ತೆ. ಕಡಿಮೆ ಇರುತ್ತೆ ಅಷ್ಟೆ. ಅಮೆರಿಕದ ಕಾನೂನಿನಲ್ಲಿ 'ಆರ್ಗ್ಯಾನಿಕ್ ವೈನ್' ಅಂತ ಬರೆಯಬೇಕಾದರೆ ಹೊರಗಿನಿಂದ ಸಲ್ಫೈಟ್ ಸೇರಿಸುವಂತಿಲ್ಲ. 'ಆರ್ಗ್ಯಾನಿಕ್ ದ್ರಾಕ್ಷಿಯಿಂದ ಮಾಡಿದ್ದು' ಅಂತಿದ್ದರೆ ಹತ್ತು ಲಕ್ಷಕ್ಕೆ ನೂರು ಭಾಗದವರೆಗೆ ಸೇರಿಸಬಹುದು. ಡಿಮೀಟರ್ ವೈನಿಗೂ ಸ್ವಲ್ಪ ಸೇರಿಸೋಕೆ ಅನುಮತಿ ಇದೆ. ಒಂದಿಷ್ಟೂ ಸೇರಿಸದವರು ಬೇಕಾದರೆ ಮೆಂಡೊಸಿನೊ ಜಿಲ್ಲೆಯ ರೆಡ್‌ವುಡ್ ವ್ಯಾಲಿಯ ಫ್ರೇ ವೈನರಿ. ಅಮೆರಿಕದಲ್ಲಿ ಮೊದಲು ಡಿಮೀಟರ್ ಸರ್ಟಿಫಿಕೇಟ್ ಪಡೆದ ವೈನರಿ ಅದೇ, 1996ರಲ್ಲಿ. 2017ರ ಅಕ್ಟೋಬರ್ ಕಾಡ್ಗಿಚ್ಚಿನಲ್ಲಿ ಅವರ ಹಳೇ ವೈನರಿ ಸುಟ್ಟುಹೋಯಿತು, ಮತ್ತೆ ಕಟ್ಟಿಕೊಂಡರು.

ತಲೆನೋವಿಗೆ ಸಲ್ಫೈಟ್ ಕಾರಣ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ನಿಜವಾಗಿಯೂ ತೊಂದರೆ, ಅವರು ಹುಷಾರಾಗಿರಬೇಕು. ಉಳಿದವರು ಯೋಚಿಸಿ, ಗಂಧಕದ ಹೊಗೆ ಹಾಕಿದ ಹೊಂಬಣ್ಣದ ಒಣದ್ರಾಕ್ಷಿಯಲ್ಲಿ ವೈನಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ, ಪಾಯಸ ತಿಂದು ಯಾರಿಗಾದರೂ ತಲೆನೋವು ಬಂದಿದ್ದು ಕೇಳಿದ್ದೀರಾ? 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಇನ್ನೊಂದು ಸಾಧ್ಯತೆ ಹೇಳಿದರು. ಕೆಂಪು ದ್ರಾಕ್ಷಿ ಸಿಪ್ಪೆಯಲ್ಲಿರುವ ಕ್ವರ್ಸಿಟಿನ್ ಅನ್ನುವ ವಸ್ತು, ದೇಹ ಮದ್ಯವನ್ನು ಕರಗಿಸುವ ಕೆಲಸಕ್ಕೆ ಅಡ್ಡ ಬರುತ್ತಿರಬಹುದು ಅಂತ. ಬಿಸಿಲು ಚೆನ್ನಾಗಿ ಬಿದ್ದ ಹಣ್ಣಿನಲ್ಲಿ ಅದು ಜಾಸ್ತಿ. ಇದು ನಿಜವಾದರೆ ಕಾಳಜಿಯಿಂದ ಬೆಳೆದ ಹಣ್ಣಿನ ವೈನೇ ಜಾಸ್ತಿ ತಲೆ ನೋಯಿಸಬಹುದು!

ರುಚಿ? ಕ್ಯಾಲಿಫೋರ್ನಿಯಾದ 74,000ಕ್ಕೂ ಹೆಚ್ಚು ವೈನ್‌ಗಳಿಗೆ ಪತ್ರಿಕೆಗಳ ವಿಮರ್ಶಕರು ಕೊಟ್ಟ ಅಂಕಗಳನ್ನು ಹೋಲಿಸಿ ನೋಡಿದ ಅಧ್ಯಯನ ಒಂದಿದೆ. ಆರ್ಗ್ಯಾನಿಕ್, ಬಯೋಡೈನಮಿಕ್ ಸರ್ಟಿಫಿಕೇಟ್ ಇದ್ದವಕ್ಕೆ ನೂರಕ್ಕೆ ಸುಮಾರು ಅರ್ಧ ಅಂಕ ಜಾಸ್ತಿ ಬಂದಿತ್ತು. ಅರ್ಧ ಅಂಕ ನಿಮ್ಮ ನಾಲಿಗೆಗೆ ಗೊತ್ತಾದರೆ ನಿಮಗೆ ನಮಸ್ಕಾರ. ಫ್ರಾನ್ಸಿನ ಬರ್ಗಂಡಿಯಲ್ಲಿ ಅತಿ ದುಬಾರಿ ವೈನ್ ಮಾಡುವ ದೊಮೇನ್ ಲೆರ್ವಾ, ರೊಮಾನೆ ಕೊಂತಿಯವರು ಇದೇ ಪದ್ಧತಿಯಲ್ಲಿ ಬೆಳೆಯುತ್ತಾರೆ ಅನ್ನುವುದನ್ನು ಗೈಡ್‌ಗಳು ತಪ್ಪದೆ ಹೇಳುತ್ತಾರೆ. ಹೌದು, ಆದರೆ ಅವರ ಜಮೀನು ಅದಕ್ಕೂ ಮೊದಲೇ ಜಗತ್ಪ್ರಸಿದ್ಧ.

ನಮ್ಮದು ಆರು ಎಕರೆ ಥಾಮ್ಸನ್ ದ್ರಾಕ್ಷಿ, ಒಣದ್ರಾಕ್ಷಿ ಮಾಡುತ್ತೇವೆ. ಮಗ ಅಲ್ಲಿದ್ದಾನೆ, ಬೇಸಿಗೆಯಲ್ಲಿ ಬರುತ್ತೇನೆ. ಆ ತೋಟದಲ್ಲಿ ಏನು ನೋಡಬೇಕು, ಏನು ಕೇಳಬೇಕು?
*ಓದುಗರು, ವಿಜಯಪುರ*

ಈ ಸಲದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾಗಿದ್ದು ಇದೇ. ಟೂರ್‌ನಲ್ಲಿ ಉಳಿದವರೆಲ್ಲ ಗ್ಲಾಸ್ ನೋಡುವಾಗ ನೀವು ಬುಡ ನೋಡುತ್ತೀರಿ.

ಮೊದಲು ಒಂದು ವ್ಯತ್ಯಾಸ ತಲೆಯಲ್ಲಿರಲಿ. ನಿಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ, ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಅಂತ ವರ್ಷಕ್ಕೆ ಎರಡು ಸಲ ಕತ್ತರಿಸುತ್ತೀರಿ. ಅಲ್ಲಿ ಚಳಿಗಾಲದಲ್ಲಿ ಎಲೆ ಉದುರಿ ಬಳ್ಳಿ ಪೂರ್ತಿ ನಿದ್ದೆ, ಒಂದೇ ಚಾಟನಿ, ಮಾರ್ಚ್‌ನಲ್ಲಿ ಚಿಗುರು, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೊಯ್ಲು. ಬೇಸಿಗೆಯಲ್ಲಿ ಮಳೆಯೇ ಇಲ್ಲ. ಹಾಗಾಗಿ ನಿಮ್ಮನ್ನು ನಿದ್ದೆಗೆಡಿಸುವ ಡೌನಿ ರೋಗ ಅಲ್ಲಿ ಹೆಚ್ಚುಕಡಿಮೆ ಇಲ್ಲ, ಬೂದಿರೋಗ ಒಂದೇ ಕಾಟ. ಅದಕ್ಕೆ ಗಂಧಕ ಹೊಡೆಯುತ್ತಾರೆ. ಬಯೋಡೈನಮಿಕ್‌ನಲ್ಲೂ ಗಂಧಕಕ್ಕೆ ಅನುಮತಿ ಇದೆ. 'ನಾವು ಏನೂ ಹೊಡೆಯಲ್ಲ' ಅಂತ ಯಾರಾದರೂ ಅಂದರೆ ನಂಬಬೇಡಿ. ಫ್ರಾನ್ಸ್, ಜರ್ಮನಿಯ ಮಳೆ ಬೀಳುವ ಕಡೆ ಡೌನಿಗೆ ತಾಮ್ರವನ್ನೂ ಹೊಡೆಯುತ್ತಾರೆ. ತಾಮ್ರ ಮಣ್ಣಿನಲ್ಲೇ ಉಳಿದು ಸೇರುತ್ತಾ ಹೋಗುತ್ತೆ ಅನ್ನುವುದು ಈ ಪದ್ಧತಿಗೆ ಅಂಟಿಕೊಂಡ ದೊಡ್ಡ ತಲೆನೋವು. ಅಂದರೆ ಸೊನೋಮಾದಲ್ಲಿ ನಡೆದದ್ದು ವಿಜಯಪುರದಲ್ಲಿ ಅಷ್ಟು ಸುಲಭಕ್ಕೆ ನಡೆಯಲ್ಲ, ಅಕ್ಟೋಬರ್ ಚಾಟನಿ ಆದ ಮೇಲೆ ಮಳೆ ಹಿಡಿದರೆ ಯಾವ ಕೊಂಬೂ ಕಾಯಲ್ಲ.

ಕೇಳಬೇಕಾದ್ದು: ಈ ವರ್ಷ ಗಂಧಕ ಎಷ್ಟು ಸಲ ಹೊಡೆದಿರಿ? ನೀರು ಎಷ್ಟು, ಯಾವಾಗ ನಿಲ್ಲಿಸುತ್ತೀರಿ? ಎಕರೆಗೆ ಎಷ್ಟು ಟನ್ ತೆಗೆಯುತ್ತೀರಿ? ಸಾಲಿನ ಮಧ್ಯೆ ಏನು ಬಿತ್ತಿದ್ದೀರಿ? ಕಾಂಪೋಸ್ಟ್ ಎಲ್ಲಿ ಮಾಡುತ್ತೀರಿ, ತೋರಿಸಿ? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಒಂದು ಕಡೆ ಗೈಡ್ ಅರ್ಧ ಗಂಟೆ ಚಂದ್ರನ ಬಗ್ಗೆ ಮಾತಾಡಿ ಕಾಂಪೋಸ್ಟ್ ಗುಂಡಿ ಎಲ್ಲಿದೆ ಅಂದರೆ ತಬ್ಬಿಬ್ಬಾದರು. ಇನ್ನೊಂದು ಕಡೆ ಅದನ್ನೇ ಕೇಳಿದ್ದಕ್ಕೆ ಕೆಲಸದಾತನನ್ನು ಕರೆದರು, ಆತ ರಾಶಿಯೊಳಗೆ ಕೈ ತೂರಿಸಿ ಬಿಸಿ ತೋರಿಸಿ, ದ್ರಾಕ್ಷಿ ಹಿಪ್ಪೆ ಯಾವ ಅಳತೆಯಲ್ಲಿ ಹಾಕಬೇಕು ಅಂತ ಕಾಲು ಗಂಟೆ ವಿವರಿಸಿದ. ಎರಡನೆಯ ಕಡೆ ಬಾಟಲಿ ಕೊಂಡೆ.

ಇಳುವರಿ ಕೇಳಿ ನಿಮಗೆ ನಗು ಬರಬಹುದು. ಒಳ್ಳೆಯ ವೈನಿಗೆ ಬೇಕಂತಲೇ ಗೊಂಚಲು ಕಿತ್ತು ಎಸೆದು ಎಕರೆಗೆ ಮೂರು ನಾಲ್ಕು ಟನ್ನಿಗೆ ಇಳಿಸುತ್ತಾರೆ. ಬಾಟಲಿಗೆ ಸಿಗುವ ಬೆಲೆ ಆ ನಷ್ಟ ತುಂಬುತ್ತೆ. ಒಣದ್ರಾಕ್ಷಿಯಲ್ಲಿ ನಿಮಗೆ ಆ ಅನುಕೂಲ ಇಲ್ಲ. ನಮ್ಮ ದೇಶದಲ್ಲೂ ಈ ಪದ್ಧತಿಯಲ್ಲಿ ಬೆಳೆದವರು ಇದ್ದಾರೆ, ಡಾರ್ಜಿಲಿಂಗಿನ ಮಕೈಬಾರಿ ಚಹಾ ತೋಟ ಅದರಿಂದಲೇ ಹೆಸರು ಮಾಡಿತು. ಅಲ್ಲೂ ಅಷ್ಟೆ, ಸರ್ಟಿಫಿಕೇಟಿಗೆ ದುಡ್ಡು ಕೊಡುವ ಗಿರಾಕಿ ಹೊರದೇಶದವರು.

ಊರಿಗೆ ಎಷ್ಟು ಬಾಟಲಿ ತರಬಹುದು?
*ಓದುಗರು, ಹುಬ್ಬಳ್ಳಿ*

ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್. ಬಾಟಲಿ 750 ಮಿಲಿ, ಅಂದರೆ ಎರಡು. ಮೂರನೆಯದು 2.25 ಲೀಟರ್ ಆಗುತ್ತೆ, ಸುಂಕದ ದರ ಕೇಳಿದರೆ ಅಲ್ಲೇ ಬಿಟ್ಟು ಬರೋಣ ಅನ್ನಿಸುತ್ತೆ. ಸೀರೆ ಮಧ್ಯೆ ಸುತ್ತಬೇಡಿ, ಕೆಂಪು ವೈನ್ ಒಡೆದರೆ ಕಲೆ ಹೋಗಲ್ಲ. ವೈನರಿಯಲ್ಲೇ ಗುಳ್ಳೆ ಪ್ಲಾಸ್ಟಿಕ್ಕಿನ ಚೀಲ ಸಿಗುತ್ತೆ, ಕೇಳಿ ತೆಗೆದುಕೊಳ್ಳಿ, ಚೆಕ್-ಇನ್ ಲಗೇಜಿನಲ್ಲಿ ಇಡಿ.